ಕಂಟ್ರೋಲಿಗೆ ಮಾತ್ರ ಹೊಸದು

ತೊಳೆಯುವುದರಲ್ಲಿ ನನ್ನನ್ನು ಮೀರಿಸಿದವರು ನಮ್ಮ ಸಂಸ್ಥೆಯಲ್ಲಿ ಯಾರೂ ಇಲ್ಲ. ಇದು ಜಂಬದ ಮಾತೇ, ಇರಲಿ. ಇಪ್ಪತ್ತೆಂಟು ವರ್ಷ ಒಂದೇ ಸಿಂಕಿನ ಮುಂದೆ ನಿಂತವಳಿಗೆ ಅಷ್ಟಾದರೂ ಜಂಬ ಬೇಡವೇ? ಇಲ್ಲದಿದ್ದರೆ ಗಳಿಸಿದ್ದು ಬರೀ ಸೊಂಟನೋವು ಎಂದಾಗುತ್ತದೆ. ಸೇರಿದಾಗ ನಾನು ಬಾಟಲಿ ತೊಳೆಯುವವಳು. ಆಮೇಲೆ ಬ್ಯಾಕ್ಟೀರಿಯ ಬೆಳೆಸುವುದು ಕಲಿತೆ, ಅದರಿಂದ ಡಿಎನ್‌ಎ ತೆಗೆಯುವುದು ಕಲಿತೆ, ಪಿಎಚ್‌ಡಿ ಮಾಡಲು ಬಂದವರಿಗೆ ಪಿಪೆಟ್ ಹಿಡಿಯುವುದನ್ನು ನಾನೇ ಕಲಿಸಿದೆ. ಅವರೆಲ್ಲ ಡಾಕ್ಟರುಗಳಾಗಿ ಹೋದರು. ನಾನು ಕಾಗದದ ಮೇಲೆ ಲ್ಯಾಬ್ ಟೆಕ್ನಿಷಿಯನ್ ಆಗಿ ಸಿಂಕಿನ ಹತ್ತಿರವೇ ಉಳಿದೆ.

ಲ್ಯಾಬು ಮೂರನೇ ಮಹಡಿಯಲ್ಲಿದೆ. ಉದ್ದನೆಯ ಕೋಣೆ, ಎರಡು ಸಾಲು ಬೆಂಚು, ಕೊನೆಯಲ್ಲಿ ನನ್ನ ಸಿಂಕು. ಸಿಂಕಿನ ಮೇಲೆ ಕಿಟಕಿ, ಕಿಟಕಿಯ ಕಟ್ಟೆಯಲ್ಲಿ ಬಿಸಿಲು ಬೀಳುವ ಕಡೆ ಒಂದು ಹಳದಿ ಟ್ರೇ. ಆ ಟ್ರೇಯಲ್ಲಿ ನಾನು ತೊಳೆದ ಕ್ಯುವೆಟ್ಟುಗಳು ಬೋರಲಾಗಿ ಒಣಗುತ್ತಿದ್ದವು. ಕ್ಯುವೆಟ್ ಎಂದರೆ ಹೆಬ್ಬೆರಳ ಗಾತ್ರದ ಪ್ಲಾಸ್ಟಿಕ್ ಡಬ್ಬಿ. ಒಳಗೆ ಎದುರುಬದುರು ಎರಡು ಅಲ್ಯುಮಿನಿಯಂ ತಗಡು, ಮೇಲೆ ನೀಲಿ ಮುಚ್ಚಳ. ಐಸಿನಲ್ಲಿ ತಣ್ಣಗಾದ ಬ್ಯಾಕ್ಟೀರಿಯವನ್ನು ಡಿಎನ್‌ಎ ಜೊತೆ ಬೆರೆಸಿ ಅದಕ್ಕೆ ಹಾಕಿ, ಕಣ್ಣು ಮಿಟುಕಿಸುವಷ್ಟು ಹೊತ್ತು ಕರೆಂಟಿನ ಏಟು ಕೊಡಬೇಕು. ಆ ಏಟಿಗೆ ಬ್ಯಾಕ್ಟೀರಿಯದ ಚರ್ಮ ಒಂದು ಕ್ಷಣ ಬಾಯಿ ಬಿಡುತ್ತದೆ, ಡಿಎನ್‌ಎ ಒಳಗೆ ಹೋಗುತ್ತದೆ. ಕ್ಯುವೆಟ್ಟಿನ ಪೆಟ್ಟಿಗೆಯ ಮೇಲೆ ಒಮ್ಮೆ ಬಳಸಿ ಬಿಸಾಡಿ ಎಂದು ಅಚ್ಚು ಹಾಕಿರುತ್ತಾರೆ. ಬಿಸಾಡುವುದು ನಮ್ಮ ಪ್ರೊಫೆಸರರ ಜಾಯಮಾನದಲ್ಲಿ ಇಲ್ಲ. ನನ್ನದರಲ್ಲಂತೂ ಇಲ್ಲವೇ ಇಲ್ಲ.

ನಾನು ಮೂರು ಸಲ ನೀರಿನಲ್ಲಿ, ಎರಡು ಸಲ ಆಲ್ಕೋಹಾಲಿನಲ್ಲಿ ತೊಳೆದು ಬಿಸಿಲಿಗಿಡುತ್ತಿದ್ದೆ. ಹೊರಗಿನಿಂದ ಯಾರಾದರೂ ಲ್ಯಾಬು ನೋಡಲು ಬಂದರೆ ಪ್ರೊಫೆಸರರು ಅವರನ್ನು ತಪ್ಪದೆ ನನ್ನ ಸಿಂಕಿನ ಹತ್ತಿರ ಕರೆತರುತ್ತಿದ್ದರು. "ನಮ್ಮಲ್ಲಿ ಒಂದೊಂದು ಕ್ಯುವೆಟ್ಟೂ ನಲವತ್ತು ಸಲ ಬಾಳಿಕೆ ಬರುತ್ತೆ. ಎಲ್ಲಾ ಇವರ ಕೈಗುಣ," ಎನ್ನುತ್ತಿದ್ದರು. ಬಂದವರು ತಲೆಯಾಡಿಸುತ್ತಿದ್ದರು. ನಾನು ಒದ್ದೆ ಕೈ ಒರೆಸಿಕೊಂಡು ನಗುತ್ತಿದ್ದೆ. ಈಗ ಆ ಕೈಗುಣ ಎಂಬ ಮಾತು ನೆನೆದರೆ ಮೈ ಉರಿಯುತ್ತದೆ.

ಒಂದು ನಿಯಮ ಮಾತ್ರ ಇತ್ತು. ಪ್ರತಿ ಪ್ರಯೋಗದಲ್ಲೂ ಹೋಲಿಕೆಗೆಂದು ಒಂದು ಕಂಟ್ರೋಲ್ ಇಡಬೇಕು, ಅಂದರೆ ಏನೂ ಆಗಬಾರದ ಒಂದು ಪಾಲು. ಎಷ್ಟೋ ವರ್ಷದ ಹಿಂದೆ ಯಾರೋ ಪರೀಕ್ಷಕರು ಬಂದು ನಮ್ಮ ಕಂಟ್ರೋಲಿನಲ್ಲಿ ಕೊಳೆ ಕಂಡು ಪ್ರೊಫೆಸರರಿಗೆ ಎಲ್ಲರೆದುರು ಮಂಗಳಾರತಿ ಮಾಡಿ ಹೋಗಿದ್ದರು. ಅಂದಿನಿಂದ ಅವರ ಅಪ್ಪಣೆ: ಕಂಟ್ರೋಲಿಗೆ ಮಾತ್ರ ಹೊಸ ಕ್ಯುವೆಟ್, ಉಳಿದದ್ದಕ್ಕೆಲ್ಲ ತೊಳೆದದ್ದು. ನನಗೆ ಅದು ಸರಿಯಾಗಿಯೇ ಕಂಡಿತು. ಮನೆಯಲ್ಲೂ ಹಾಗೇ ತಾನೆ? ನನ್ನ ತಂಗಿಯ ಮನೆಯಲ್ಲಿ ಗಾಜಿನ ಕಪಾಟಿನಲ್ಲಿ ಆರು ಹೊಸ ಲೋಟಗಳಿವೆ, ನೆಂಟರು ಬಂದರೆ ಮಾತ್ರ ಹೊರಗೆ ಬರುತ್ತವೆ. ನನಗೆ ಅಲ್ಲಿ ಇರುವುದು ಬಾಯಿ ನಗ್ಗಿದ ಹಳೇ ಸ್ಟೀಲ್ ಲೋಟ. ಅದನ್ನು ಬೇರೆ ಯಾರೂ ಮುಟ್ಟುವುದಿಲ್ಲ.

ತಂಗಿಗೆ ಬಟ್ಟೆ ಆಲ್ಟ್ರೇಷನ್ ಅಂಗಡಿ. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ ಬದಲಾಯಿಸುವುದು, ದಪ್ಪಗಾದವರಿಗೆ ಪಕ್ಕ ಬಿಚ್ಚುವುದು, ಇಂಥದ್ದು. ಮಗಳಿಗೆ ಐದು ತುಂಬುವ ಮೊದಲೇ ಗಂಡ ತೀರಿಕೊಂಡ. ನಾನು ಮದುವೆಯಾಗಲಿಲ್ಲ. ಎರಡು ಬೀದಿ ಆಚೆ ನನ್ನ ಒಂದು ಕೋಣೆ, ಸಂಜೆಯ ಊಟ ತಂಗಿಯ ಮನೆಯಲ್ಲಿ. ಅವಳ ಮಗಳನ್ನು ನಾವು ಕಡ್ಡಿ ಎಂದು ಕರೆಯುತ್ತೇವೆ. ಗಾಳಿ ಬಂದರೆ ಹಾರಿ ಹೋಗುವಂತಿದ್ದಳು, ಬಾಯಿ ಮಾತ್ರ ಬೆಂಕಿ ಕಡ್ಡಿ. ರಜೆಯಲ್ಲಿ ನನ್ನ ಜೊತೆ ಲ್ಯಾಬಿಗೆ ಬಂದು ಎತ್ತರದ ಸ್ಟೂಲಿನ ಮೇಲೆ ನಿಂತು ಬಾಟಲಿ ತೊಳೆಯುತ್ತಿದ್ದವಳು, ಅದೇ ಲ್ಯಾಬಿಗೆ ಪಿಎಚ್‌ಡಿ ಮಾಡಲು ಬಂದಾಗ ನನಗಾದ ಸಂತೋಷವನ್ನು ಹೇಳಿ ಪ್ರಯೋಜನವಿಲ್ಲ. ಹೆರದೆಯೇ ತಾಯಿಯಾದ ಹಾಗಿತ್ತು.

ಅವಳ ಕೆಲಸ ಏನೆಂದು ತಂಗಿಗೆ ನಾನು ಹೀಗೆ ವಿವರಿಸಿದ್ದೆ. ಬ್ಯಾಕ್ಟೀರಿಯದ ಡಿಎನ್‌ಎ ಆಗಾಗ ಹರಿಯುತ್ತದೆ. ಹರಿದದ್ದನ್ನು ಅದು ತಾನೇ ಸರಿಮಾಡಿಕೊಳ್ಳುತ್ತದೆ: ಹರಿದ ತುದಿಗೆ ಹೊಂದುವ ಅಕ್ಷರಗಳು ಎಲ್ಲಿವೆ ಎಂದು ಹುಡುಕಿ, ಅಲ್ಲಿ ಜೋಡಿಸಿ ಹೊಲಿಯುತ್ತದೆ. ಆ ಹೊಲಿಯುವ ಪ್ರೋಟೀನನ್ನು ಮನುಷ್ಯರು ಸಾಲ ಪಡೆದಿದ್ದಾರೆ. ನಮಗೆ ಬೇಕಾದ ಜೀನಿನ ಒಂದು ತುಂಡು ಮಾಡಿ, ಅದರ ಎರಡು ತುದಿಗೂ ನಾವು ಕೂರಿಸಬೇಕೆಂದಿರುವ ಜಾಗದ ಅಕ್ಷರಗಳನ್ನೇ ಬರೆದು ಒಳಗೆ ಕಳಿಸಿದರೆ, ಪ್ರೋಟೀನು ಅದನ್ನು ಸರಿಯಾಗಿ ಆ ಜಾಗದಲ್ಲೇ ಹೊಲಿದು ಬಿಡುತ್ತದೆ. ಈಗಾಗಲೇ ಎಲ್ಲರೂ ಬಳಸುವ ಒಂದು ಹಳೆಯ ಪ್ರೋಟೀನು ಇದೆ. ಕಡ್ಡಿ ಅದಕ್ಕಿಂತ ಚುರುಕಾದದ್ದನ್ನು ಹುಡುಕುತ್ತಿದ್ದಳು.

"ಅಂದ್ರೆ ನನ್ನ ಕೆಲಸವೇ," ಎಂದಳು ತಂಗಿ ದಾರ ಕಚ್ಚುತ್ತ.

"ನಿನ್ನ ಕೆಲಸವೇ. ಆದ್ರೆ ಗಿರಾಕಿ ಬೈಯಲ್ಲ," ಎಂದಳು ಕಡ್ಡಿ.

ಮೂರನೇ ವರ್ಷ ಅವಳಿಗೆ ಒಂದು ಸಿಕ್ಕಿತು, ಅದೂ ನಮ್ಮ ಕಟ್ಟಡದ ಹಿಂದಿನ ಮೋರಿಯ ನೀರಿನ ಬ್ಯಾಕ್ಟೀರಿಯದಲ್ಲಿ. ಅಮ್ಮನ ಕಸುಬಿನ ನೆನಪಿಗೆ ಅದಕ್ಕೆ ದರ್ಜಿ ಎಂದು ಹೆಸರಿಟ್ಟಳು. ಬ್ಯಾಕ್ಟೀರಿಯ ಹರಡಿಟ್ಟ ಮೊದಲ ದಿನದ ಪ್ಲೇಟುಗಳನ್ನು ನಾನೇ ಇನ್‌ಕ್ಯುಬೇಟರಿನಿಂದ ತೆಗೆದದ್ದು. ತುಂಡಿನಲ್ಲಿ ಬ್ಯಾಕ್ಟೀರಿಯ ಕೊಲ್ಲುವ ಔಷಧಿಯನ್ನು ತಡೆಯುವ ಜೀನು ಇರುತ್ತದೆ. ತುಂಡನ್ನು ಹೊಲಿದುಕೊಂಡ ಬ್ಯಾಕ್ಟೀರಿಯ ಮಾತ್ರ ಔಷಧಿ ಬೆರೆಸಿದ ಪ್ಲೇಟಿನ ಮೇಲೆ ಬದುಕಿ ಚುಕ್ಕೆಯಾಗಿ ಬೆಳೆಯುತ್ತದೆ. ಕಂಟ್ರೋಲ್ ಪ್ಲೇಟು ಬೋಳು. ಹಳೆಯ ಪ್ರೋಟೀನಿನ ಪ್ಲೇಟಿನಲ್ಲಿ ಐದಾರು ಚುಕ್ಕೆ. ದರ್ಜಿಯ ಪ್ಲೇಟಿನಲ್ಲಿ ಎಣಿಸಲಾಗದಷ್ಟು. ಕಡ್ಡಿ ಪ್ಲೇಟನ್ನು ಬೆಳಕಿಗೆ ಹಿಡಿದು, "ದೊಡ್ಡಮ್ಮ, ಒಂದು ಸಲ ಚಿವುಟು ನನ್ನ," ಎಂದಳು. ನಾನು ಚಿವುಟಿದೆ.

ಹತ್ತು ಸಲ ಮಾಡಿದರೂ ಹಾಗೇ ಬಂತು. ಹಳೆಯ ಪ್ರೋಟೀನು ಹೋಲಿಕೆಗೆಂದು ಇಟ್ಟದ್ದು, ಆದ್ದರಿಂದ ಅದೂ ಕಂಟ್ರೋಲಿನ ಲೆಕ್ಕ, ಅದಕ್ಕೂ ಹೊಸ ಕ್ಯುವೆಟ್. ದರ್ಜಿಗೆ ತೊಳೆದದ್ದು. ಯಾವುದು ಯಾವುದಕ್ಕೆ ಎಂದು ಪ್ರತಿ ಬೆಳಿಗ್ಗೆ ನಾನೇ ಜೋಡಿಸಿ ಕೊಡುತ್ತಿದ್ದೆ. ಒಮ್ಮೆಯೂ ತಪ್ಪಲಿಲ್ಲ. ಒಮ್ಮೆಯಾದರೂ ತಪ್ಪಿದ್ದರೆ ಚೆನ್ನಾಗಿತ್ತು.

ಬೆಳೆದ ಚುಕ್ಕೆಗಳಲ್ಲಿ ಆ ತುಂಡು ಇದೆಯೇ ಎಂದು ಪರೀಕ್ಷೆಯೂ ಆಯಿತು. ಇತ್ತು. ಆದರೆ ಅದು ಎಲ್ಲಿ ಕೂತಿದೆ ಎಂದು ಯಾರೂ ನೋಡಲಿಲ್ಲ. ಆ ಪರೀಕ್ಷೆಗೆ ಇನ್ನೊಂದು ತಿಂಗಳು ಬೇಕಿತ್ತು. "ಮುಂದಿನ ಪ್ರಬಂಧಕ್ಕೆ ಇಟ್ಕೊಳ್ಳೋಣ," ಎಂದರು ಪ್ರೊಫೆಸರರು. ಅವರಿಗೆ ಆತುರ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇವರು ಹೆರದಿದ್ದರೂ ಮೋರಿಯ ಈ ಹೆಗ್ಗಣವನ್ನು ಸಭೆಯಿಂದ ಸಭೆಗೆ ಹೊತ್ತು ತಿರುಗಿದರು. ಪ್ರಬಂಧ ಅಚ್ಚಾಯಿತು. ಕಡ್ಡಿಯ ಹೆಸರು ಮೊದಲು, ಅವರದು ಕೊನೆಗೆ. ಕೊನೆಯ ಹೆಸರೇ ದೊಡ್ಡದಂತೆ ಇವರ ಲೋಕದಲ್ಲಿ. ನನ್ನ ಹೆಸರು ಎಲ್ಲೂ ಇರಲಿಲ್ಲ. ನಾನು ಅದನ್ನು ನಿರೀಕ್ಷಿಸಿರಲೂ ಇಲ್ಲ. ತಂಗಿ ಆ ಪುಟವನ್ನು ಫ್ರೇಮು ಹಾಕಿಸಿ ಅಂಗಡಿಯಲ್ಲಿ, ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ತೂಗುಹಾಕಿದಳು.

ಆರನೇ ವರ್ಷ ಥೀಸಿಸ್ ಮುಗಿಯಿತು. ವೈವಾ ಎಂಬ ಕೊನೆಯ ಮೌಖಿಕ ಪರೀಕ್ಷೆಗೆ ದಿನ ನಿಗದಿಯಾಯಿತು. ಬೇರೆ ಊರಿನ ಒಂದು ದೊಡ್ಡ ಲ್ಯಾಬು ಆಗಲೇ ಅವಳನ್ನು ಕೆಲಸಕ್ಕೆ ಕರೆದಿತ್ತು. ಹುಟ್ಟಿನಿಂದಲೇ ಒಂದು ಪ್ರೋಟೀನು ಇಲ್ಲದ ಮಕ್ಕಳಿಗೆ ಔಷಧಿ ಮಾಡುವ ಬ್ಯಾಕ್ಟೀರಿಯವನ್ನು ಅಲ್ಲಿ ದರ್ಜಿಯಿಂದ ಹೊಲಿಸಬೇಕಿತ್ತು.

ವೈವಾಕ್ಕೆ ಹನ್ನೊಂದು ದಿನ ಇರುವಾಗ ನಾನು ಹೊಸದಾಗಿ ಬೆಳೆಸಿದ ಬ್ಯಾಕ್ಟೀರಿಯವನ್ನು ಪರೀಕ್ಷಿಸುತ್ತಿದ್ದೆ. ಇದು ವಾಡಿಕೆಯ ಕೆಲಸ. ಯಾವ ಡಿಎನ್‌ಎ ಕೂಡ ಹಾಕದೆ ಬರೀ ಬ್ಯಾಕ್ಟೀರಿಯಕ್ಕೆ ಏಟು ಕೊಟ್ಟು ಔಷಧಿಯ ಪ್ಲೇಟಿನಲ್ಲಿ ಹರಡಬೇಕು. ಏನೂ ಬೆಳೆಯದಿದ್ದರೆ ಮಾಲು ಶುದ್ಧ. ಇದೂ ಕಂಟ್ರೋಲಿನ ಜಾತಿಯದ್ದು, ಹೊಸ ಕ್ಯುವೆಟ್ ಬೇಕು. ಹೊಸ ಪೆಟ್ಟಿಗೆ ಇನ್ನೂ ಬಂದಿರಲಿಲ್ಲ. ಏನು ಮಹಾ ಎಂದು ಹಳದಿ ಟ್ರೇಯಿಂದ ಒಂದನ್ನು ತೆಗೆದುಕೊಂಡೆ.

ಮರುದಿನ ಪ್ಲೇಟು ತುಂಬ ಚುಕ್ಕೆಗಳು.

ಮೊದಲು ನನ್ನ ಬ್ಯಾಕ್ಟೀರಿಯವೇ ಕೊಳೆಯಾಗಿದೆ ಎಂದುಕೊಂಡೆ. ಏಟು ಕೊಡದೆ ಹಾಗೇ ಹರಡಿದರೆ ಏನೂ ಬೆಳೆಯಲಿಲ್ಲ. ಮಾಲು ಶುದ್ಧವಾಗಿಯೇ ಇತ್ತು. ಹಾಗಾದರೆ ಡಬ್ಬಿ. ದರ್ಜಿ ಇಲ್ಲದ, ತುಂಡು ಇಲ್ಲದ, ಏನೆಂದರೆ ಏನೂ ಇಲ್ಲದ ಬ್ಯಾಕ್ಟೀರಿಯವನ್ನು ಟ್ರೇಯ ಆರು ಕ್ಯುವೆಟ್ಟುಗಳಿಗೆ ಹಾಕಿ ಏಟು ಕೊಟ್ಟೆ. ಆರರಲ್ಲಿ ಐದು ಪ್ಲೇಟು ತುಂಬಿ ಬಂದವು. ಐದನ್ನೂ ಬೆಂಚಿನ ಮೇಲೆ ಸಾಲಾಗಿ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತೆ.

ವಿಷಯ ಇಷ್ಟೇ. ಕಡ್ಡಿಯ ತುಂಡನ್ನು ನಾವು ಒಂದು ಉಂಗುರದ ಆಕಾರದ ಡಿಎನ್‌ಎಯಿಂದ ನಕಲು ತೆಗೆಯುತ್ತಿದ್ದೆವು. ಆ ಉಂಗುರದಲ್ಲೂ ಅದೇ ತುಂಡು, ಅದೇ ತುದಿಗಳು. ಉಂಗುರಕ್ಕೆ ಯಾವ ದರ್ಜಿಯೂ ಬೇಡ, ಬ್ಯಾಕ್ಟೀರಿಯದ ಒಳಗೆ ಹೊಕ್ಕರೆ ಸಾಕು, ತನ್ನಷ್ಟಕ್ಕೆ ಬದುಕುತ್ತದೆ. ಅದನ್ನು ಬೆಳೆಸಲು ಏಟು ಕೊಡುತ್ತಿದ್ದದ್ದೂ ಇದೇ ಕ್ಯುವೆಟ್ಟುಗಳಲ್ಲಿ. ತೊಳೆದರೂ ಅದು ತಗಡಿಗೆ ಅಂಟಿಕೊಂಡಿತ್ತು. ಯಾಕೆ ಅಂಟಿಕೊಂಡಿತು? ಡಿಎನ್‌ಎ ಆಲ್ಕೋಹಾಲಿನಲ್ಲಿ ಕರಗುವುದಿಲ್ಲ, ಮುದುಡಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ಇದನ್ನು ಬಂದ ಪ್ರತಿಯೊಬ್ಬ ವಿದ್ಯಾರ್ಥಿಗೂ ನಾನೇ ಕಲಿಸಿದ್ದೇನೆ. ಡಿಎನ್‌ಎ ಬೇಕಾದಾಗ ಆಲ್ಕೋಹಾಲು ಹಾಕಿ ಹಿಡಿಯುತ್ತಿದ್ದವಳು ನಾನು, ಡಿಎನ್‌ಎ ಬೇಡವಾದಾಗಲೂ ಆಲ್ಕೋಹಾಲು ಹಾಕಿ ತೊಳೆಯುತ್ತಿದ್ದವಳೂ ನಾನೇ. ಎಡಗೈ ಮಾಡಿದ್ದು ಬಲಗೈಗೆ ಇಪ್ಪತ್ತೆಂಟು ವರ್ಷ ಹೊಳೆಯಲಿಲ್ಲ.

ಆ ಚುಕ್ಕೆಗಳ ರಾಶಿಯನ್ನು ದರ್ಜಿ ಹೊಲಿದಿರಲಿಲ್ಲ. ಮೂರು ವರ್ಷ ಆ ಮಗು ಬೆಳಕಿಗೆ ಹಿಡಿದು ನೋಡಿ ನಕ್ಕದ್ದು ನನ್ನ ಕೊಳಕು ಪಾತ್ರೆಯನ್ನು.

ಲ್ಯಾಬಿನಲ್ಲಿ ಬರೆಯದ್ದು ನಡೆದೇ ಇಲ್ಲ ಎನ್ನುವುದು ನಮ್ಮ ಮೊದಲ ಪಾಠ. ಕಡ್ಡಿಗೂ ಎತ್ತರದ ಸ್ಟೂಲಿನ ಕಾಲದಲ್ಲೇ ಹೇಳಿಕೊಟ್ಟಿದ್ದೆ. ಕೈ ತನ್ನ ಪಾಡಿಗೆ ರೆಜಿಸ್ಟರು ತೆರೆಯಿತು. ತಾರೀಕು ಹಾಕಿದೆ. ತೊಳೆದ ಕ್ಯುವೆಟ್, ದರ್ಜಿ ಇಲ್ಲ, ಡಿಎನ್‌ಎ ಇಲ್ಲ, ಆರಕ್ಕೆ ಐದು ತುಂಬಿದೆ ಎಂದು ಬರೆದು ಸಹಿ ಮಾಡಿದೆ. ವೈವಾಕ್ಕೆ ಆಗ ಎಂಟು ದಿನ ಉಳಿದಿತ್ತು.

ಪ್ಲೇಟುಗಳನ್ನು ಪ್ರೊಫೆಸರರ ಕೋಣೆಗೆ ತೆಗೆದುಕೊಂಡು ಹೋದೆ. ಅವರು ಕನ್ನಡಕ ಹಣೆಗೇರಿಸಿ ಒಂದೊಂದನ್ನೇ ನೋಡಿದರು. ಅವರು ದಡ್ಡರಲ್ಲ. ಎರಡನೇ ಪ್ಲೇಟಿಗೇ ಅರ್ಥವಾಯಿತು ಎಂದು ಅವರ ಕುತ್ತಿಗೆಯ ಬೆವರು ಹೇಳಿತು.

"ಯಾರಿಗಾದ್ರೂ ತೋರಿಸಿದ್ರಾ?" ಎಂದರು.

"ಇಲ್ಲ ಸರ್."

"ಹುಡುಗಿ ಮನಸ್ಸು ಈಗ ಕೆಡಿಸ್ಬೇಡಿ. ವೈವಾ ಮುಗೀಲಿ. ಒಂದೆರಡು ಡಬ್ಬಿ ಹೀಗಾದ್ರೆ ಎಲ್ಲಾ ಸುಳ್ಳು ಅಂತ ಅಲ್ವಲ್ಲ. ಆಮೇಲೆ ನಿಧಾನವಾಗಿ ನೋಡೋಣ."

"ಒಂದೆರಡಲ್ಲ ಸರ್. ಆರಕ್ಕೆ ಐದು."

"ನೋಡೋಣ ಅಂದ್ನಲ್ಲ."

ಅವರ ಮೇಲೆ ಎಲ್ಲವನ್ನೂ ಹೊರಿಸಿ ಕೈತೊಳೆದುಕೊಳ್ಳಬಹುದು. ತೊಳೆಯುವುದು ಹೇಗೂ ನನಗೆ ಚೆನ್ನಾಗಿ ಬರುತ್ತದಲ್ಲ. ಆದರೆ ನಿಜ ಬೇರೆ. ಅವರು ಬಾಯಿ ಮುಚ್ಚು ಎಂದಾಗ ನನಗೆ ಹಾಯೆನಿಸಿತು. ಹೇಳುವ ಹೊರೆ ಇಳಿಯಿತು. ಹೇಳಿದರೆ ಅವಳ ಆರು ವರ್ಷ ಹೋಗುತ್ತಿತ್ತು, ಅದು ಒಂದು. ಹೇಳಿದರೆ ಅವಳು ನನ್ನ ಕೈ ನೋಡುತ್ತಿದ್ದಳು, ಅದು ಇನ್ನೊಂದು. ಯಾವುದಕ್ಕೆ ಹೆಚ್ಚು ಹೆದರಿದೆ ಎಂದು ಇವತ್ತಿಗೂ ನಾನು ನನ್ನನ್ನು ಕೇಳಿಕೊಂಡಿಲ್ಲ.

ಆ ಮಧ್ಯಾಹ್ನವೇ ಹಳದಿ ಟ್ರೇಯನ್ನು ಕ್ಯುವೆಟ್ಟುಗಳ ಸಮೇತ ಕಸದ ಡಬ್ಬಿಗೆ ಸುರಿದೆ. ಪ್ರೊಫೆಸರರು ಮಾತಿಲ್ಲದೆ ಹೊಸ ಪೆಟ್ಟಿಗೆಗಳಿಗೆ ಸಹಿ ಮಾಡಿದರು, ಅದೂ ಹತ್ತು ಪೆಟ್ಟಿಗೆ.

ವೈವಾದ ದಿನ ತಂಗಿ ಅಂಗಡಿ ಮುಚ್ಚಿ ಬಂದು ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಳು. ಮಗಳು ಹಾಕಿಕೊಂಡಿದ್ದ ಕೋಟನ್ನು ಅವಳೇ ಸಣ್ಣ ಮಾಡಿ ಕೊಟ್ಟಿದ್ದಳು. ಮುಕ್ಕಾಲು ಗಂಟೆ ಕಡ್ಡಿ ಅರಳು ಹುರಿದಂತೆ ಮಾತಾಡಿದಳು. ಕೊನೆಗೆ ಪರೀಕ್ಷಕರಲ್ಲಿ ಒಬ್ಬ ಮುದುಕರು, ಬಹಳ ಸಾಧುವಾಗಿ, "ತುಂಡು ಎಲ್ಲಿ ಕೂತಿದೆ ಅಂತ ನೋಡಿದ್ದೀರೇನಮ್ಮ?" ಎಂದು ಕೇಳಿದರು. ಈಗಲಾದರೂ ಯಾರಾದರೂ ಇದನ್ನು ನಿಲ್ಲಿಸಲಿ ಎಂದು ಒಂದು ಮನಸ್ಸು, ಬೇಡ ಎಂದು ಇನ್ನೊಂದು.

"ತುಂಡು ಇರೋದು ಖಚಿತ ಸರ್, ಎಷ್ಟು ಚುಕ್ಕೆ ನೋಡಿದ್ರೂ ಇದೆ," ಎಂದಳು ಕಡ್ಡಿ. "ಜಾಗದ್ದು ಮುಂದಿನ ಹಂತ," ಎಂದು ಪ್ರೊಫೆಸರರು ನಡುವೆ ಬಾಯಿ ಹಾಕಿದರು. ಮುದುಕರು ತಲೆಯಾಡಿಸಿ ಗಡಿಯಾರ ನೋಡಿದರು. ಊಟದ ಹೊತ್ತಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ತಂಗಿ ನನ್ನ ಕೈ ಹಿಡಿದುಕೊಂಡು, "ಅಕ್ಕ, ಇದೆಲ್ಲ ನಿನ್ನಿಂದ," ಎಂದಳು.

ಕಡ್ಡಿ ಹೊಸ ಊರಿಗೆ ಹೋದಳು. ಮೊದಲ ತಿಂಗಳು ಅಲ್ಲಿಯ ಬೆಂಚು, ಕಿಟಕಿ, ಜಂಬದ ಸಹೋದ್ಯೋಗಿಗಳ ಸುದ್ದಿ. ಎರಡನೇ ತಿಂಗಳು ಧ್ವನಿ ಸಣ್ಣದಾಯಿತು.

"ದೊಡ್ಡಮ್ಮ, ಇಲ್ಲಿ ದರ್ಜಿ ಕೆಲ್ಸಾನೇ ಮಾಡ್ತಿಲ್ಲ. ಐದಾರು ಚುಕ್ಕೆ ಬಂದ್ರೆ ಹೆಚ್ಚು. ನಾನೇನೋ ತಪ್ಪು ಮಾಡ್ತಿದೀನಿ. ನೀನು ಬ್ಯಾಕ್ಟೀರಿಯ ಹೇಗೆ ತಣ್ಣಗೆ ಮಾಡ್ತಿದ್ದೆ?"

ಆ ಗಳಿಗೆಯಲ್ಲಿ ಹೇಳಬಹುದಿತ್ತು. ಬಿಸಿ ತುಪ್ಪದ ಹಾಗೆ, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ನಾನು ಹೇಳಿದ್ದು ಇದು: "ಐಸ್ ಸಣ್ಣಗೆ ಪುಡಿ ಮಾಡ್ಬೇಕು ಮಗಳೇ. ದಪ್ಪ ಇದ್ರೆ ಡಬ್ಬಿ ಸರಿಯಾಗಿ ತಣ್ಣಗಾಗಲ್ಲ."

ಅವಳು ಐಸು ಪುಡಿ ಮಾಡಿದಳು. ಮುಂದಿನ ವಾರ ಮತ್ತೆ ಫೋನು. ನಾನು ನೀರು ಬದಲಾಯಿಸು ಎಂದೆ. ಅವಳು ಬದಲಾಯಿಸಿದಳು. ಅದರ ಮುಂದಿನ ಸಲ, ಏಟು ಕೊಡುವ ಮೊದಲು ಡಬ್ಬಿಯನ್ನು ಒರೆಸು ಎಂದೆ. ಒಂದೊಂದು ಮಾತನ್ನೂ ಅವಳು ಬರೆದುಕೊಳ್ಳುತ್ತಿದ್ದಳು, ಪೆನ್ನಿನ ಸದ್ದು ನನಗೆ ಕೇಳಿಸುತ್ತಿತ್ತು. "ನನ್ ಕೈ ನಿನ್ ಕೈ ಥರ ಅಲ್ಲ ದೊಡ್ಡಮ್ಮ," ಎಂದಳು ಒಮ್ಮೆ. "ಇಲ್ಲಿ ಎಲ್ರೂ ನಾನು ಅಲ್ಲಿ ಸುಳ್ಳು ಬರ್ದಿದೀನಿ ಅನ್ನೋ ಥರ ನೋಡ್ತಾರೆ." ನಾನು ಫೋನಿಟ್ಟು ತಂಗಿ ಬಡಿಸಿದ್ದನ್ನು ಊಟ ಮಾಡಿದೆ. ಊಟ ಸೇರಿತು. ಮನುಷ್ಯರ ಹೊಟ್ಟೆಗೆ ನಾಚಿಕೆ ಇಲ್ಲ.

ಪ್ರೊಫೆಸರರನ್ನು ಎರಡು ಸಲ ಕೇಳಿದೆ. "ನಿಧಾನವಾಗಿ ನೋಡೋಣ ಅಂದಿದ್ದು ಎಷ್ಟು ನಿಧಾನ ಸರ್?" ಎಂದು ಎರಡನೇ ಸಲ ಕೇಳಿದಾಗ ಅವರು ನನ್ನ ನಿವೃತ್ತಿ ಯಾವಾಗ ಎಂದು ವಿಚಾರಿಸಿದರು.

ನಾಲ್ಕನೇ ತಿಂಗಳ ಕೊನೆಗೆ ಮೂರು ದಿನದ ರಜೆ ಹಾಕಿ ಕಡ್ಡಿ ಬಂದಳು. ಮನೆಗೆ ಹೋಗದೆ, ಚೀಲದ ಸಮೇತ ನೇರವಾಗಿ ಲ್ಯಾಬಿಗೆ. ಇನ್ನೂ ತೆಳ್ಳಗಾಗಿದ್ದಳು. ಅವಳ ಹಳೆಯ ಬೆಂಚಿನಲ್ಲೇ, ಹಳೆಯ ಯಂತ್ರದಲ್ಲೇ, ನಾನು ಬೆಳೆಸಿಕೊಟ್ಟ ಬ್ಯಾಕ್ಟೀರಿಯದಲ್ಲೇ ಪ್ರಯೋಗ ಮಾಡಿದಳು. ಇಲ್ಲಿ ಬರುತ್ತದೆ, ಬಂದೇ ಬರುತ್ತದೆ ಎಂದು ಅವಳಿಗೆ ನಂಬಿಕೆ. ಮರುದಿನ ಬೆಳಿಗ್ಗೆ ಪ್ಲೇಟುಗಳನ್ನು ತೆಗೆದಳು. ದರ್ಜಿಗೆ ನಾಲ್ಕು ಚುಕ್ಕೆ, ಹಳೆಯದಕ್ಕೆ ಐದು.

ಪ್ಲೇಟುಗಳನ್ನು ಬೆಂಚಿನ ಮೇಲಿಟ್ಟಳು. ಆಮೇಲೆ ಕೋಣೆಯನ್ನು ಒಂದು ಸುತ್ತು ನೋಡಿದಳು, ಏನು ಬದಲಾಗಿದೆ ಎಂದು. ಕಣ್ಣು ಕಿಟಕಿಯ ಕಟ್ಟೆಯ ಮೇಲೆ ನಿಂತಿತು.

"ದೊಡ್ಡಮ್ಮ, ಹಳದಿ ಟ್ರೇ ಎಲ್ಲಿ?"

"ಬಿಸಾಕ್ದೆ."

"ಕ್ಯುವೆಟ್ಟು?"

"ಅವನ್ನೂ."

"ನೀನು ಬಿಸಾಕಿದ್ಯಾ?" ಎಂದಳು. ಹುಳುಕು ಹಿಡಿದ ಬ್ರಷ್ಷನ್ನೂ ದಾರ ಸುತ್ತಿ ಇನ್ನೊಂದು ವರ್ಷ ದುಡಿಸುವವಳು ನಾನು. ಅವಳಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ನನ್ನ ಮುಖವನ್ನು ಒಂದು ಕ್ಷಣ ನೋಡಿದಳು, ಆಮೇಲೆ ಕಪಾಟಿನ ಮೇಲಿಂದ ರೆಜಿಸ್ಟರನ್ನು ಇಳಿಸಿದಳು.

ಆ ಹಾಳೆಯನ್ನು ಹರಿಯಬೇಕೆಂದು ನನಗೆ ಎಷ್ಟೋ ಸಲ ಅನಿಸಿತ್ತು. ಹಾಳೆಗಳಿಗೆ ನಂಬರು ಅಚ್ಚಾಗಿರುತ್ತದೆ, ಹರಿದರೆ ಗೊತ್ತಾಗುತ್ತದೆ. ಅದು ನೆಪ. ನಿಜವಾಗಿ ನನ್ನ ಕೈಲಿ ಆಗಲಿಲ್ಲ. ಅವಳು ಹಿಂದಿನಿಂದ ಒಂದೊಂದೇ ಹಾಳೆ ಮಗುಚುತ್ತ ಹೋಗುವಾಗ ನಾನು ನಲ್ಲಿ ತಿರುಗಿಸಿ ತೊಳೆದ ಬಾಟಲಿಗಳನ್ನೇ ಮತ್ತೆ ತೊಳೆಯುತ್ತಿದ್ದೆ. ಹಾಳೆಯ ಸದ್ದು ನಿಂತಿತು. ನಾನು ನಲ್ಲಿ ನಿಲ್ಲಿಸಿದೆ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಬೆರಳನ್ನು ತಾರೀಕಿನ ಮೇಲೆ ಇಟ್ಟುಕೊಂಡು ಕೇಳಿದಳು.

"ಇದು ವೈವಾಗಿಂತ ಮುಂಚೆ."

"ಹೌದು."

"ಸರ್‌ಗೆ ಗೊತ್ತಿತ್ತಾ?"

"ಅವತ್ತೇ ಹೇಳ್ದೆ. ಅವ್ರು ಸುಮ್ನಿರಿ ಅಂದ್ರು."

ಸರ್ ಬಗ್ಗೆ ಅವಳು ಮುಂದೆ ಏನೂ ಕೇಳಲಿಲ್ಲ. ಅವರಿಂದ ಅವಳಿಗೆ ಬೇರೆ ನಿರೀಕ್ಷೆ ಇರಲಿಲ್ಲ ಎಂದು ಕಾಣುತ್ತದೆ. ಪುಸ್ತಕದಿಂದ ಕಣ್ಣೆತ್ತದೆಯೇ, "ಫೋನಲ್ಲಿ ಐಸ್ ಸಣ್ಣಗೆ ಪುಡಿ ಮಾಡು ಅಂದೆಯಲ್ಲ ದೊಡ್ಡಮ್ಮ. ಆಗ್ಲೂ ಗೊತ್ತಿತ್ತಾ?" ಎಂದಳು.

"ಗೊತ್ತಿತ್ತು," ಎಂದೆ.

ಅವಳು ಆ ಹಾಳೆಯ ಫೋಟೋ ತೆಗೆದುಕೊಂಡಳು. ರೆಜಿಸ್ಟರನ್ನು ಮುಚ್ಚಿ, ಇದ್ದ ಜಾಗದಲ್ಲೇ ಇಟ್ಟು, ಚೀಲ ಎತ್ತಿಕೊಂಡು ಹೋದಳು.

ಪ್ರಬಂಧವನ್ನು ಹಿಂದಕ್ಕೆ ಪಡೆಯುವ ಕಾಗದವನ್ನು ಅವಳೇ ಬರೆದಳು. ತುಂಡು ಎಲ್ಲಿ ಕೂತಿದೆ ಎಂದು ತಾನು ನೋಡದೆ ಹೋದದ್ದು ತಪ್ಪು ಎಂದಷ್ಟೇ ಅವಳ ಕರಡಿನಲ್ಲಿತ್ತು. ಅಚ್ಚಾಗುವ ಹೊತ್ತಿಗೆ ಅದರಲ್ಲಿ ಪ್ರೊಫೆಸರರದ್ದೊಂದು ವಾಕ್ಯ ಸೇರಿತ್ತು: ಟೆಕ್ನಿಷಿಯನ್ ಒಬ್ಬರು ಕ್ಯುವೆಟ್ಟುಗಳನ್ನು ಸರಿಯಾಗಿ ತೊಳೆಯದ ಕಾರಣ. ಮಂಗ ಬೆಣ್ಣೆ ತಿಂದು ಮೇಕೆಯ ಮೂತಿಗೆ ಒರೆಸಿತಂತೆ. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಕೆಲಸ ಅಚ್ಚಿನಲ್ಲಿ ಬಂದದ್ದು ಅದೊಂದೇ ಸಲ, ಅದೂ ಹೆಸರಿಲ್ಲದೆ. ಕೋಪ ಬಂತು, ಆದರೆ ಯಾವ ಬಾಯಲ್ಲಿ ಹೋಗಿ ಜಗಳವಾಡಲಿ? ವಾಕ್ಯ ಸುಳ್ಳಾಗಿರಲಿಲ್ಲ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಪದವಿಯನ್ನು ಮರುಪರಿಶೀಲನೆಗೆ ಇಟ್ಟರು. ಹೊಸ ಊರಿನ ಕೆಲಸ ಹೋಯಿತು. ಗೊತ್ತಾದ ತಕ್ಷಣ ಹೇಳಿದ್ದೀರಿ, ಒಪ್ಪುತ್ತೇವೆ, ಆದರೆ ನಾಲ್ಕು ತಿಂಗಳು ಇಲ್ಲಿ ಏನು ಮಾಡುತ್ತಿದ್ದಿರಿ ಎಂದು ಅವರು ಕೇಳಿದರಂತೆ. ವೈವಾದ ಮೊದಲು ನಾನು ಬಾಯಿ ಬಿಟ್ಟಿದ್ದರೆ ಅವಳಿಗೆ ಇನ್ನೊಂದು ವರ್ಷ ಹೋಗುತ್ತಿತ್ತು, ಬೇರೆ ವಿಷಯದ ಮೇಲೆ ಬರೆಯುತ್ತಿದ್ದಳು, ಅಷ್ಟೇ. ಇದನ್ನು ಅವಳು ಹೇಳಲಿಲ್ಲ. ನಾನೇ ಲೆಕ್ಕ ಹಾಕಿದೆ.

ತಂಗಿ ಅಂಗಡಿಯ ಗೋಡೆಯಿಂದ ಫ್ರೇಮು ಇಳಿಸಿದಳು. ಅಲ್ಲಿ ಗೋಡೆಯ ಬಣ್ಣ ಚೌಕಾಕಾರವಾಗಿ ಉಳಿದಿತ್ತು. "ಅಕ್ಕ, ನಾನು ಒಂದು ಜಿಪ್ ಹಾಕಿದ್ರೂ ಬಟ್ಟೆ ತಿರುಗಿಸಿ, ಹೊಲಿಗೆ ಎಲ್ಲಿ ಬಿದ್ದಿದೆ ಅಂತ ನೋಡ್ದೆ ಗಿರಾಕಿಗೆ ಕೊಡಲ್ಲ," ಎಂದಳು. "ನೀವೆಲ್ಲ ಅಷ್ಟು ಜನ ಇದ್ರಿ. ಒಬ್ರೂ ತಿರುಗಿಸಿ ನೋಡ್ಲಿಲ್ವಾ?" ಸ್ವಲ್ಪ ದಿನ ಸಂಜೆ ಬರಬೇಡ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ಊಟವನ್ನು ಡಬ್ಬಿಗೆ ಹಾಕಿ ಕೊಡತೊಡಗಿದಳು. ಆಮೇಲೆ ಡಬ್ಬಿಯೂ ನಿಂತಿತು.

ಮೂರು ತಿಂಗಳ ಮೇಲೆ ಒಂದು ಭಾನುವಾರ ಧೈರ್ಯ ಮಾಡಿ ಹೋದೆ. ತಂಗಿ ಹೊರಗೆ ಹೋಗಿದ್ದಳು. ಕಡ್ಡಿ ಬಾಗಿಲು ತೆರೆದು, "ಬನ್ನಿ ದೊಡ್ಡಮ್ಮ, ಕೂತ್ಕೊಳ್ಳಿ," ಎಂದಳು. ಈಗ ಒಂದು ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಮೇಜಿನ ಮೇಲೆ ಮಕ್ಕಳ ಉತ್ತರಪತ್ರಿಕೆಗಳ ರಾಶಿ, ಕೆಂಪು ಪೆನ್ನು. ಮಾತಾಡಿದೆವು. ಸೊಂಟನೋವು ಹೇಗಿದೆ ಎಂದು ಕೇಳಿದಳು. ಶಾಲೆ ಹೇಗಿದೆ ಎಂದು ನಾನು ಕೇಳಿದೆ. ಎಲ್ಲವೂ ಚೆನ್ನಾಗಿತ್ತು.

ನೀರು ಬೇಕಾ ಎಂದಳು. ನಾನು ಅಭ್ಯಾಸದಿಂದ ಅಡುಗೆಮನೆಯ ಸ್ಟ್ಯಾಂಡಿನ ಕಡೆ ನೋಡಿದೆ. ನನ್ನ ನಗ್ಗಿದ ಲೋಟ ಅಲ್ಲೇ ಇತ್ತು. ಅವಳು ಅದನ್ನು ದಾಟಿ ಹೋಗಿ, ಗಾಜಿನ ಕಪಾಟು ತೆರೆದು, ಹೊಸ ಲೋಟಗಳಲ್ಲಿ ಒಂದನ್ನು ತೆಗೆದು, ಬಟ್ಟೆಯಿಂದ ಒರೆಸಿ, ನೀರು ತುಂಬಿ, ತಟ್ಟೆಯ ಮೇಲಿಟ್ಟು ತಂದುಕೊಟ್ಟಳು.

ನಾನು ಕುಡಿದೆ. ಲೋಟ ತೊಳೆದಿಡೋಣವೆಂದು ಎದ್ದೆ. ಅವಳು ನನ್ನ ಕೈಯಿಂದ ಅದನ್ನು ಮೆಲ್ಲಗೆ ತೆಗೆದುಕೊಂಡಳು.

"ಇರಲಿ ಬಿಡಿ," ಎಂದಳು. "ನಾನು ತೊಳೀತೀನಿ."